ಕಾಂಡ್ಲಾ ಕೆಸರು: ಆ್ಯಕ್ಟಿನೊಮೈಸೀಟ್ಸ್ ಬದಲು ತಟ್ಟೆ ತುಂಬ ಬ್ಯಾಸಿಲಸ್

ಮೈಕ್ರೋ_ಬಳ್ಳಾರಿ:
ಟಿಬಿ ವಿರುದ್ಧದ ಪ್ರತಿಜೀವಕ ಕೊಡಬಲ್ಲ ಆ್ಯಕ್ಟಿನೊಮೈಸೀಟ್ಸ್ (ಎಳೆಯಂತೆ ಬೆಳೆಯುವ ಬ್ಯಾಕ್ಟೀರಿಯಾ) ಹುಡುಕಲು ಕುಮಟಾದ ಅಘನಾಶಿನಿ ಅಳಿವೆಯಿಂದ ಅನುಮತಿ ಪಡೆದು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರು ತಂದಿದ್ದೇನೆ. ಸ್ಟಾರ್ಚ್ ಕೇಸಿನ್ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮ) ಮೇಲೆ ಎರಡೇ ದಿನಕ್ಕೆ ಬೇರೆ ಬ್ಯಾಕ್ಟೀರಿಯಾವಾದ ಬ್ಯಾಸಿಲಸ್ ಹರಡಿಬಿಡುತ್ತದೆ. ತಟ್ಟೆಗಳು ಕೋಣೆಯಲ್ಲೇ ಇವೆ. ಏನು ಬದಲಿಸಬೇಕು? ಔಷಧ ಪರೀಕ್ಷೆಗೆ ಟಿಬಿ ಬ್ಯಾಕ್ಟೀರಿಯಾದ ಬದಲು ಅದರ ಸಂಬಂಧಿ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮ್ಯಾಟಿಸ್ ಸಾಕೇ?

ಅಗರ್_ತಟ್ಟೆ (ಕೊಪ್ಪಳ):
ಮೊದಲು ಶಾಖ ನೋಡ್ರಿ. ಬೇಸಿಗೆಯಲ್ಲಿ ಬಳ್ಳಾರಿಯ ಕೋಣೆ 40 ಡಿಗ್ರಿ ಹತ್ತಿರ ಹೋಗುತ್ತದೆ, ಬೇಕಾದದ್ದು 28. ಸಾದಾ ಇನ್‌ಕ್ಯುಬೇಟರ್ ಬಿಸಿ ಮಾಡುತ್ತದೆ, ತಂಪು ಮಾಡುವುದಿಲ್ಲ. ತಂಪನ್ನೂ ಮಾಡುವ ಬಿಒಡಿ ಇನ್‌ಕ್ಯುಬೇಟರೇ ಬೇಕು. ಮೂರು ವಾರ ಇಡಬೇಕಾದ್ದರಿಂದ ತಟ್ಟೆ ಒಣಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ.

ಕೆಸರನ್ನು ನೆರಳಲ್ಲಿ ವಾರ ಒಣಗಿಸಿ 60 ಡಿಗ್ರಿಯಲ್ಲಿ ಒಂದು ತಾಸು ಕಾಯಿಸಿದರೆ ಬೇರೆ ಬಹಳಷ್ಟು ಬ್ಯಾಕ್ಟೀರಿಯಾ ಸಾಯುತ್ತವೆ, ಬ್ಯಾಸಿಲಸ್ ಬೀಜಕಗಳು ಸಾಯುವುದಿಲ್ಲ. ಮಾಧ್ಯಮಕ್ಕೆ ಹಾಕುವ ಪ್ರತಿಜೀವಕ ನ್ಯಾಲಿಡಿಕ್ಸಿಕ್ ಆಮ್ಲವೂ ಮುಖ್ಯವಾಗಿ ಗ್ರಾಂ-ನೆಗೆಟಿವ್ ಗುಂಪಿನ ಬ್ಯಾಕ್ಟೀರಿಯಾಗಳಿಗೇ, ಬ್ಯಾಸಿಲಸ್ ಆ ಗುಂಪಿನದಲ್ಲ. ಹಾಗಾಗಿ ಮೆಂಬ್ರೇನ್ ವಿಧಾನ ಹಿಡಿಯಿರಿ: ಅಗರ್ ಮೇಲೆ 0.45 ಮೈಕ್ರಾನಿನ ಸೆಲ್ಯುಲೋಸ್ ಫಿಲ್ಟರ್ ಇಟ್ಟು, ನಡುವೆ ಮಾತ್ರ ತೆಳುಗೊಳಿಸಿದ ಮಾದರಿ ಹಾಕಿ. ನಾಲ್ಕು ದಿನಕ್ಕೆ ಫಿಲ್ಟರ್ ಎತ್ತಿ ಬಿಸಾಕಿ. ಆ್ಯಕ್ಟಿನೊಮೈಸೀಟ್ಸ್‌ನ ಎಳೆಗಳು ರಂಧ್ರ ತೂರಿ ಕೆಳಗಿನ ಅಗರ್‌ಗೆ ಇಳಿದಿರುತ್ತವೆ, ಬ್ಯಾಸಿಲಸ್ ಮೇಲೇ ಉಳಿದಿರುತ್ತದೆ. ಮಾದರಿಯ ಹನಿ ಫಿಲ್ಟರ್ ಅಂಚಿಗೆ ಹರಿದರೆ ಶ್ರಮವೆಲ್ಲ ಹಾಳು. ಮಾಧ್ಯಮಕ್ಕೆ ಅರ್ಧ ಸಮುದ್ರದ ನೀರು ಬಳಸಿ. ಸ್ಯಾಲಿನಿಸ್ಪೋರಾದಂಥ ಸಮುದ್ರದ ಆ್ಯಕ್ಟಿನೊಮೈಸೀಟ್ಸ್ ಉಪ್ಪಿಲ್ಲದೆ ಬೆಳೆಯುವುದಿಲ್ಲ.

ರಾಯಚೂರು_ಲ್ಯಾಬ್:
ಸ್ಮೆಗ್ಮ್ಯಾಟಿಸ್ ಮೊದಲ ಜರಡಿಯಷ್ಟೇ. ಎರಡು-ಮೂರು ದಿನದಲ್ಲಿ ಬೆಳೆಯುತ್ತದೆ, ಸಾಮಾನ್ಯವಾಗಿ ರೋಗ ತರುವುದಿಲ್ಲ. ಆದರೆ ಟಿಬಿ ಔಷಧ ಐಸೋನಿಯಾಜಿಡ್‌ಗೆ ಅಷ್ಟಾಗಿ ಬಗ್ಗುವುದಿಲ್ಲ, ಅಂದರೆ ಒಳ್ಳೆಯ ಔಷಧವೊಂದು ಕೈತಪ್ಪಬಹುದು. ನಿಜವಾದ ಟಿಬಿ ಬ್ಯಾಕ್ಟೀರಿಯಾದ ಎಚ್37ಆರ್‌ವಿ ತಳಿಯನ್ನು ಬಿಎಸ್‌ಎಲ್-3 (ಮೂರನೇ ಹಂತದ ಜೈವಿಕ ಸುರಕ್ಷತೆಯ) ಲ್ಯಾಬ್ ಇಲ್ಲದೆ ಮುಟ್ಟಲೇಬೇಡಿ.

ರೆಸಜುರಿನ್ ಎಂಬ ಬಣ್ಣದ ಪರೀಕ್ಷೆಯಲ್ಲಿ ನೀಲಿ ಗುಲಾಬಿಯಾದರೆ ಸ್ಮೆಗ್ಮ್ಯಾಟಿಸ್ ಜೀವಕೋಶ ಬದುಕಿದೆ ಎಂದರ್ಥ. ಆದರೆ ಆ್ಯಕ್ಟಿನೊಮೈಸೀಟ್ಸ್ ಬೆಳೆಸಿ ತೆಗೆದ ಸಾರವೇ ಎಷ್ಟೋ ಸಲ ಕೆಂಪಾಗಿರುತ್ತದೆ. ಕೋಶವಿಲ್ಲದೆ ಸಾರ ಮಾತ್ರ ಇರುವ ಕುಳಿಯನ್ನೂ (ಪರೀಕ್ಷಾ ತಟ್ಟೆಯ ಗುಂಡಿ) ಇಡಿ, ಅನುಮಾನವಿದ್ದರೆ ಕುಳಿಯಿಂದ 5 ಮೈಕ್ರೋಲೀಟರ್ ತೆಗೆದು ಅಗರ್ ಮೇಲೆ ಬೆಳೆಸಿ ನೋಡಿ. ಅಂಚಿನ ಕುಳಿಗಳು ಆವಿಯಾಗುತ್ತವೆ, ಅವಕ್ಕೆ 200 ಮೈಕ್ರೋಲೀಟರ್ ಶುದ್ಧ ನೀರು. ಸಾರ ಕರಗಿಸುವ ದ್ರಾವಕ ಡಿಎಂಎಸ್‌ಒ 1 ಪ್ರತಿಶತ ಮೀರಬಾರದು. ಖಾಲಿ ಮಾಧ್ಯಮದ ಸಾರ, ಟಿಬಿ ಔಷಧ ರಿಫಾಂಪಿಸಿನ್ ಎರಡೂ ಹೋಲಿಕೆಗೆ ಕಂಟ್ರೋಲ್ ಆಗಿ ಇರಲಿ.

ಮೈಕ್ರೋ_ಬಳ್ಳಾರಿ:
ಸಾರವನ್ನು ಈಥೈಲ್ ಅಸಿಟೇಟ್ ದ್ರಾವಕದಲ್ಲಿ ತೆಗೆದರೆ ಆಯಿತೇ, ಸರ್?

ರಾಯಚೂರು_ಲ್ಯಾಬ್:
ಅದೊಂದೇ ಬೇಡ. ಸ್ಟ್ರೆಪ್ಟೊಮೈಸಿನ್‌ನಂಥ ಪ್ರತಿಜೀವಕಗಳು ನೀರಿನ ಭಾಗದಲ್ಲೇ ಉಳಿಯುತ್ತವೆ, ಅದನ್ನೂ ಪರೀಕ್ಷಿಸಿ. 1943ರಲ್ಲೇ ಸಿಕ್ಕ ಸ್ಟ್ರೆಪ್ಟೊಮೈಸಿನ್ ಮತ್ತೆ ಮತ್ತೆ ಸಿಗುತ್ತಿರುತ್ತದೆ, ಸ್ಯಾಲಿನಿಸ್ಪೋರಾದಿಂದ ರಿಫಾಮೈಸಿನ್‌ಗಳೂ (ರಿಫಾಂಪಿಸಿನ್ ಗುಂಪಿನವು) ಬರುತ್ತವೆ. ಇವೆರಡಕ್ಕೆ ಪ್ರತಿರೋಧವಿರುವ ಸ್ಮೆಗ್ಮ್ಯಾಟಿಸ್ ತಳಿಗಳ ಮೇಲೂ ಸಾರ ಹಾಕಿ. ಅಲ್ಲಿ ಪರಿಣಾಮ ಮಾಯವಾದರೆ ಹಳೆಯದೇ ಸಿಕ್ಕಿರುವ ಸಾಧ್ಯತೆ ಹೆಚ್ಚು. ಮಾಯವಾಗದಿದ್ದರೆ ಶುದ್ಧೀಕರಣಕ್ಕೆ ಇಳಿಯಿರಿ.