ಸಹಾಯ ಬೇಕು: ವಿಸ್ಕಿ ಬಗ್ಗೆ ಬರೆಯುವ ಪತ್ರಕರ್ತರನ್ನು ತಲುಪುವುದು ಹೇಗೆ?

ನಮಸ್ಕಾರ. ಬೆಂಗಳೂರು ಹೊರವಲಯದ ಸಣ್ಣ ಡಿಸ್ಟಿಲರಿಯೊಂದರ ಪ್ರಚಾರದ ಹೊಣೆ ನನ್ನದು. ನಮ್ಮ ಮೊದಲ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬರಿಸಿದ ಬಾರ್ಲಿಯಿಂದ ತಯಾರಾದ ವಿಸ್ಕಿ) ನಾಲ್ಕು ವರ್ಷ ಮಾಗಿ ಈಗ ಬಾಟಲಿಗೆ ಇಳಿದಿದೆ. ಮದ್ಯದ ಜಾಹೀರಾತಿಗೆ ನಿರ್ಬಂಧವಿರುವುದರಿಂದ ವಿಮರ್ಶಕರ ಬರಹವೇ ನಮಗೆ ದಾರಿ. ಬೆಂಗಳೂರಿನದೇ ಆದ ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾದರೂ, ಅದರದೇ ಒಂದು ಬಗೆಯಾದ ಫ್ಯೂಷನ್‌ಗೆ ಬ್ರಿಟಿಷ್ ವಿಸ್ಕಿ ವಿಮರ್ಶಕ ಜಿಮ್ ಮರ್ರೆ ಕೊಟ್ಟ ಅಂಕಗಳ ಬಳಿಕವೇ ಅಲ್ಲವೇ ಜಗತ್ತು ತಿರುಗಿ ನೋಡಿದ್ದು?

ಮೂವತ್ತು ಪತ್ರಿಕೆಗಳಿಗೆ ಒಂದೇ ಪ್ರಕಟಣೆ ಕಳುಹಿಸಿದೆ. ಒಂದೂ ಉತ್ತರ ಬರಲಿಲ್ಲ. ಹೇಳಲು ನಮ್ಮಲ್ಲಿ ಕಥೆಯಿದೆ: ಸ್ಕಾಟ್ಲೆಂಡಿನ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ವಿಸ್ಕಿ ಆವಿಯಾದರೆ, ಇಲ್ಲಿನ ಬಿಸಿಗೆ ಶೇ 10ರ ಆಸುಪಾಸು. ಪೀಪಾಯಿಯನ್ನು ಬೆರಳಿನಿಂದ ತಟ್ಟಿದರೆ ಖಾಲಿಯಾದ ಭಾಗ ಟೊಳ್ಳಾಗಿ ಸದ್ದು ಮಾಡುತ್ತದೆ.

ಬರೆಯುವವರಿಗೆ ಸ್ಯಾಂಪಲ್ ಕಳುಹಿಸುವುದು ಲೇಸೋ, ಉಗ್ರಾಣಕ್ಕೇ ಕರೆಯುವುದು ಲೇಸೋ? ವಿದೇಶಕ್ಕೆ ಸ್ಯಾಂಪಲ್ ಕಳುಹಿಸಲು ಅಬಕಾರಿ ಅನುಮತಿ ಪಡೆದವರಿದ್ದರೆ ದಯವಿಟ್ಟು ತಿಳಿಸಿ.