ಚೆನ್ನಾಗಿ ಕೆಲಸ ಮಾಡುತ್ತಿದ್ದವರು ಮೌನವಾಗಿದ್ದಾರೆ: ಇದು ಬರ್ನ್‌ಔಟ್ ಇರಬಹುದೇ?

ಪ್ರಶ್ನೆ (ತಂಡದ ಮುಖ್ಯಸ್ಥ, ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಒಂಬತ್ತು ಮಂದಿಯ ತಂಡವನ್ನು ಎರಡು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಅಮೆರಿಕದ ಗ್ರಾಹಕರ ವ್ಯವಸ್ಥೆಯೊಂದು ನಮ್ಮ ಹೊಣೆಯಲ್ಲಿರುವುದರಿಂದ ವಾರಕ್ಕೊಬ್ಬರಂತೆ ರಾತ್ರಿಯ ಆನ್‌ಕಾಲ್ ಸರದಿ ಇದೆ, ಅಂದರೆ ವ್ಯವಸ್ಥೆಯಲ್ಲಿ ತೊಂದರೆಯಾಗಿ ಕರೆ ಬಂದರೆ ಎದ್ದು ಸರಿಪಡಿಸುವ ಹೊಣೆ. ತಂಡದ ಹಿರಿಯರೊಬ್ಬರು, ಕಿರಿಯರು ಬರೆದ ಕೋಡನ್ನು ಪರಿಶೀಲಿಸುವಾಗ ಎಲ್ಲಿ ಎಡವಿದ್ದಾರೆ, ಏಕೆ ಎಡವಿದ್ದಾರೆ ಎಂದು ಹತ್ತು ಸಾಲು ಬರೆದು ತಿಳಿಹೇಳುತ್ತಿದ್ದವರು, ಮೂರು ತಿಂಗಳಿಂದ ‘ಓಕೆ’ ಎಂಬ ಒಂದೇ ಪದ ಬರೆದು ಬಿಡುತ್ತಿದ್ದಾರೆ. ಅವರ ಕೆಲಸ ಮಾತ್ರ ಒಂದು ದಿನವೂ ತಡವಾಗಿಲ್ಲ. ಕೇಳಿದರೆ ‘ಏನಿಲ್ಲ ಸರ್, ಚೆನ್ನಾಗಿದ್ದೇನೆ’ ಎನ್ನುತ್ತಾರೆ. ರಜೆ ಹಾಕಿ ಎಂದೆ, ಎರಡು ದಿನ ಹಾಕಿದರು; ಸೋಮವಾರ ಬಂದಾಗ ಮುಖದಲ್ಲಿ ಅದೇ ದಣಿವಿತ್ತು.

ಕಳೆದ ವರ್ಷ ಹೀಗೆಯೇ ಮಾತು ಕಡಿಮೆ ಮಾಡಿದ ಇನ್ನೊಬ್ಬರ ಸ್ಥಿತಿ ನನಗೆ ತಿಳಿದದ್ದು ಅವರು ರಾಜೀನಾಮೆ ಕೊಟ್ಟ ದಿನ. ಅದು ಇನ್ನೊಮ್ಮೆ ಆಗಬಾರದು. ಇದು ಬರ್ನ್‌ಔಟೋ, ಮನೆಯ ತೊಂದರೆಯೋ ಎಂದು ತಿಳಿಯುವುದು ಹೇಗೆ? ಅವರ ಖಾಸಗಿ ಬದುಕಿನಲ್ಲಿ ತಲೆಹಾಕದೆ ನಾನು ಏನು ಮಾಡಬಹುದು?

ಉತ್ತರ 1 (ಹದಿನೆಂಟು ವರ್ಷಗಳಿಂದ ಐಟಿ ಕ್ಷೇತ್ರದಲ್ಲಿರುವವರು)

ನೋಡಬೇಕಾದದ್ದನ್ನೇ ನೋಡಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕಾರವಾದ ತನ್ನ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆಗಳ ಸಾಲಿಗೆ ಸೇರಿಸದೆ, ನಿಭಾಯಿಸದೆ ಬಿಟ್ಟ ದೀರ್ಘಕಾಲದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದು ವಿವರಿಸಿದೆ. ಅದು ಹೇಳುವ ಲಕ್ಷಣಗಳು ಮೂರು: ಶಕ್ತಿಯೆಲ್ಲ ಬರಿದಾದಂತಹ ಬಳಲಿಕೆ, ಕೆಲಸದಿಂದ ಮನಸ್ಸು ದೂರವಾಗುವುದು ಅಥವಾ ಅದರ ಮೇಲೆ ಕಹಿ ಮೂಡುವುದು, ಮತ್ತು ಕಾರ್ಯಕ್ಷಮತೆ ಕುಂದುವುದು. ಮೇಲಧಿಕಾರಿಗಳಾದ ನಾವು ಸಾಮಾನ್ಯವಾಗಿ ಮೂರನೆಯದನ್ನೇ ಕಾಯುತ್ತಾ ಕೂರುತ್ತೇವೆ. ಗಡುವು ತಪ್ಪಿದರೆ ಮಾತ್ರ ಎಚ್ಚರಗೊಳ್ಳುತ್ತೇವೆ. ನಿಮ್ಮವರ ‘ಓಕೆ’ ಎರಡನೆಯದರ ಸೂಚನೆ ಇರಬಹುದು. ಒಬ್ಬರನ್ನು ಇನ್ನೊಬ್ಬರೊಂದಿಗೆ ಹೋಲಿಸದೆ, ಆರು ತಿಂಗಳ ಹಿಂದೆ ಅವರೇ ಹೇಗಿದ್ದರು ಎಂಬುದರೊಂದಿಗೆ ಹೋಲಿಸಿ ನೋಡಿದ್ದೀರಲ್ಲ, ಅದೇ ಸರಿಯಾದ ಕ್ರಮ.

ಮನೆಯ ತೊಂದರೆಯೇ ಎಂದು ಪತ್ತೆ ಹಚ್ಚುವ ಹೊಣೆ ನಿಮಗೆ ಬೇಡ. ನಿಮ್ಮ ಕೈಯಲ್ಲಿರುವ ಆನ್‌ಕಾಲ್ ದಾಖಲೆಯನ್ನು ತೆಗೆದು, ಸರದಿ ಯಾರದಿತ್ತು ಎನ್ನುವುದನ್ನು ಬದಿಗಿಟ್ಟು, ರಾತ್ರಿ ನಿಜವಾಗಿ ಎದ್ದು ಲ್ಯಾಪ್‌ಟಾಪ್ ತೆರೆದವರು ಯಾರು ಎಂದು ಎಣಿಸಿ. ನನ್ನ ತಂಡದಲ್ಲಿ ಸರದಿಯ ಪಟ್ಟಿ ಎಲ್ಲರಿಗೂ ಸಮನಾಗಿತ್ತು. ಆದರೆ ಒಂದು ತಿಂಗಳ ಹದಿನಾಲ್ಕು ಕರೆಗಳಲ್ಲಿ ಹನ್ನೊಂದನ್ನು ಒಬ್ಬರೇ ಬಗೆಹರಿಸಿದ್ದರು, ಏಕೆಂದರೆ ಸರದಿಯಲ್ಲಿದ್ದ ಕಿರಿಯರು ಹತ್ತು ನಿಮಿಷ ತಡಕಾಡಿ ಅವರಿಗೇ ಫೋನ್ ಮಾಡುತ್ತಿದ್ದರು. ಅವರನ್ನು ತಂಡದ ಆಧಾರಸ್ತಂಭವೆಂದು ಎಲ್ಲರೆದುರು ಹೊಗಳುತ್ತಿದ್ದ ನನಗೆ ಆ ಲೆಕ್ಕ ನೋಡಿದಾಗ ಬಹಳ ನೋವಾಯಿತು. ಆಮೇಲೆ, ರಾತ್ರಿ ಎದ್ದವರು ಮರುದಿನ ಮಧ್ಯಾಹ್ನದ ನಂತರ ಕೆಲಸ ಆರಂಭಿಸಬಹುದು, ಯಾರ ಅನುಮತಿಯೂ ಬೇಕಿಲ್ಲ ಎಂದು ಲಿಖಿತ ನಿಯಮ ಮಾಡಿದೆವು. ಅವರಿಗೆ ತಿಳಿದಿದ್ದ ಪರಿಹಾರಗಳನ್ನು ಬರೆದಿಡಲು ಮೂರು ವಾರ ಕೊಟ್ಟೆವು. ಆ ಅವಧಿಯಲ್ಲಿ ಬೇರೆ ಕೆಲಸವನ್ನು ಅವರ ಮೇಲಿಂದ ನಿಜವಾಗಿಯೂ ಇಳಿಸಿದೆವು. ಅದನ್ನು ಇಳಿಸದೆ ‘ಇದನ್ನೂ ಬರೆದುಕೊಡಿ’ ಎಂದಿದ್ದರೆ ಅದು ಇನ್ನೊಂದು ಹೊರೆಯಾಗುತ್ತಿತ್ತು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಸಾಮಾನ್ಯ ಕೆಲಸಕ್ಕೆ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿಯಿದೆ. ಮೇಲಿನವರೊಂದಿಗೆ ಮಾತನಾಡುವಾಗ ರಾತ್ರಿಯ ಗಂಟೆಗಳನ್ನೂ ಕೂಡಿಸಿದ ಲೆಕ್ಕ ಕೈಯಲ್ಲಿರಲಿ.

ಉತ್ತರ 2 (ಮೈಸೂರು)

ನಾನು ಆ ಹಿರಿಯರ ಜಾಗದಲ್ಲಿದ್ದವಳು. ‘ಚೆನ್ನಾಗಿದ್ದೇನೆ’ ಎಂದು ನಾನೂ ಹೇಳುತ್ತಿದ್ದೆ, ಏಕೆಂದರೆ ಹೇಗಿದ್ದೀರಿ ಎಂದು ಕೇಳುತ್ತಿದ್ದವರೇ ಅಪ್ರೈಸಲ್‌ನಲ್ಲಿ ಅಂಕ ಹಾಕುವವರೂ ಆಗಿದ್ದರು. ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ ಮದುವೆ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ, ಪಕ್ಕದವರ ಫೋನಿನಿಂದ ನಮ್ಮ ಆನ್‌ಕಾಲ್‌ನದೇ ರಿಂಗ್‌ಟೋನ್ ಕೇಳಿಸಿತು. ಎಲೆಯ ಮೇಲಿದ್ದ ಕೈ ತಾನಾಗಿ ಬ್ಯಾಗಿನ ಕಡೆ ಹೋಯಿತು, ಎದೆ ಹೊಡೆದುಕೊಳ್ಳತೊಡಗಿತು. ಆ ಊಟ ನನಗೆ ಸೇರಲಿಲ್ಲ.

ಎರಡು ದಿನದ ರಜೆ ಏಕೆ ಫಲಿಸಲಿಲ್ಲ ಎಂದು ನಿಮಗೆ ಅನಿಸಿರಬಹುದು. ನಾವು ಮಾಡದೆ ಬಿಟ್ಟ ಕೆಲಸ ನಮಗಾಗಿಯೇ ಕಾದು ಕುಳಿತಿರುತ್ತದೆ ಎಂದು ಗೊತ್ತಿದ್ದರೆ, ರಜೆಯ ಎರಡನೆಯ ದಿನವೆಲ್ಲ ಅದರ ಯೋಚನೆಯಲ್ಲೇ ಕಳೆಯುತ್ತದೆ. ನಮ್ಮಲ್ಲಿ ಒತ್ತಡ ಕಡಿಮೆ ಮಾಡಲೆಂದು ಸಂಜೆ ಆರಕ್ಕೆ ಯೋಗ ತರಗತಿ ಇಟ್ಟಿದ್ದರು. ಅದಕ್ಕೆ ಹೋದವರು ಅಷ್ಟು ಹೊತ್ತು ತಡವಾಗಿ ಮನೆಗೆ ಹೋಗುತ್ತಿದ್ದೆವು. ಆದ್ದರಿಂದ ‘ಹೇಗಿದ್ದೀರಿ’ ಎಂದು ಕೇಳುವ ಬದಲು ‘ಈ ವಾರ ನಿಮ್ಮಿಂದ ಯಾವ ಕೆಲಸವನ್ನು ತೆಗೆಯಲಿ?’ ಎಂದು ಕೇಳಿ, ಅವರು ಹೇಳಿದ್ದನ್ನು ಅದೇ ವಾರ ತೆಗೆದುಬಿಡಿ.

ಉತ್ತರ 3 (ನರ್ಸಿಂಗ್ ಮೇಲ್ವಿಚಾರಕಿ, ಮಂಗಳೂರು)

ನಮ್ಮ ಕ್ಷೇತ್ರವೇ ಬೇರೆ. ಇಲ್ಲಿ ಮರುದಿನ ತಡವಾಗಿ ಬನ್ನಿ ಎನ್ನಲು ಆಗುವುದಿಲ್ಲ. ಆದರೆ ಗುರುತು ಒಂದೇ ಬಗೆಯದು. ‘ಅಜ್ಜಿಗೆ ಇವತ್ತು ಗಂಜಿ ಸೇರಿತು’ ಎಂದು ಪಾಳಿ ಒಪ್ಪಿಸುತ್ತಿದ್ದ ಸಿಸ್ಟರ್ ಒಬ್ಬರು ‘ಏಳನೇ ಬೆಡ್, ಆಹಾರ ಆಗಿದೆ’ ಎನ್ನತೊಡಗಿದಾಗ ನಾನು ಡ್ಯೂಟಿ ಪಟ್ಟಿ ತೆಗೆದು ನೋಡಿದೆ. ರಜೆ ಹಾಕಿದವರ ಜಾಗಕ್ಕೆ ಒಲ್ಲೆ ಎನ್ನದ ಅವರನ್ನೇ ಕರೆದು ಕರೆದು, ಅವರಿಗೆ ಸಾಲಾಗಿ ಡಬಲ್ ಡ್ಯೂಟಿ ಬಿದ್ದಿತ್ತು. ಪಟ್ಟಿ ಮಾಡಿದವಳು ನಾನೇ. ಆಮೇಲಿಂದ ಒಬ್ಬರಿಗೆ ವಾರದಲ್ಲಿ ಒಂದಕ್ಕಿಂತ ಹೆಚ್ಚು ಡಬಲ್ ಡ್ಯೂಟಿ ಬೀಳದಂತೆ ನೋಡಿಕೊಳ್ಳುತ್ತಿದ್ದೇನೆ.

ಒಂದು ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ವಾರಗಟ್ಟಲೆ ನಿದ್ದೆಯಿಲ್ಲದಿರುವುದು, ಅಳು, ಬದುಕೇ ಬೇಡವೆಂಬ ಮಾತು ಕಂಡುಬಂದರೆ ಅದನ್ನು ಬರ್ನ್‌ಔಟ್ ಎಂದು ನೀವೇ ತೀರ್ಮಾನಿಸಿ ಕೆಲಸ ಕಡಿಮೆ ಮಾಡಿ ಸುಮ್ಮನಾಗಬೇಡಿ. ವೈದ್ಯರ ಬಳಿಗೆ ಹೋಗಲು ನೆರವಾಗಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ದಾಖಲೆ ತೆಗೆದು ನೋಡಿದೆ. ಮೂರು ತಿಂಗಳಲ್ಲಿ ಅವರ ಸರದಿ ಬಂದದ್ದು ಒಂದೇ ವಾರ, ಅವರು ರಾತ್ರಿ ಎದ್ದದ್ದು ಹದಿನೇಳು ಸಲ. ನಾಳೆ ಬೆಳಿಗ್ಗೆ ಅವರೊಂದಿಗೆ ಕುಳಿತು, ಯಾವ ಕೆಲಸ ತೆಗೆಯಲಿ ಎಂದು ಕೇಳಲಿದ್ದೇನೆ. ಈ ತಿಂಗಳು ಕಿರಿಯರು ರಾತ್ರಿ ಫೋನ್ ಮಾಡುವುದಾದರೆ ಮೊದಲು ನನಗೆ ಮಾಡಲಿ ಎಂದು ತಂಡಕ್ಕೆ ಇವತ್ತೇ ಬರೆದು ತಿಳಿಸಿದ್ದೇನೆ.