ಇಂಪ್ಲಾಂಟ್ ಆನ್ ಆಗಿ ಇಪ್ಪತ್ತಮೂರು ದಿನ: ಅನುಭವ ಇದ್ದವರು ಹೇಳಿ

ದಾವಣಗೆರೆಯ ಶಿಕ್ಷಕಿ: ನನಗೆ 46 ವರ್ಷ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹತ್ತು ವರ್ಷಗಳಿಂದ ಎರಡೂ ಕಿವಿ ಮಂದವಾಗುತ್ತಾ ಬಂದು, ಈಗ ಬಲಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಆಗಿದೆ, ಅಂದರೆ ಆಪರೇಷನ್ ಮಾಡಿ ಒಳಗಿವಿಗೆ ತಂತಿ ಇಟ್ಟು, ಹೊರಗಿನ ಯಂತ್ರದಿಂದ ಸದ್ದು ಕೇಳಿಸುವ ಸಾಧನ. ಗಂಡನ ದನಿಯೂ ಮಗನ ದನಿಯೂ ಒಂದೇ ಥರ, ತಗಡಿನ ಡಬ್ಬಿಯೊಳಗೆ ಗುಬ್ಬಿ ಚಿಲಿಪಿಲಿಗುಟ್ಟಿದ ಹಾಗೆ ಕೇಳುತ್ತದೆ. ನಲ್ಲಿಯ ನೀರಿನ ಸದ್ದಿಗೆ ತಲೆ ಸಿಡಿಯುತ್ತದೆ. ಎಡಗಿವಿಯ ಹಿಯರಿಂಗ್ ಏಡ್ ತೆಗೆದಿಡಬೇಕೇ? ಜೂನ್‌ನಲ್ಲಿ ತರಗತಿಗೆ ಹೋಗಬಲ್ಲೆನೇ?

ಹುಬ್ಬಳ್ಳಿಯ ಕಿರಾಣಿ ವ್ಯಾಪಾರಿ: ಮೇಡಂ, ನನ್ನದಕ್ಕೆ ಆರು ವರ್ಷವಾಯಿತು. ಖರ್ಚಿನ ಮಾತನ್ನು ಯಾರೂ ಮೊದಲೇ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಅಂಗಡಿಯ ಲೆಕ್ಕದ ಜೊತೆಗೆ ಕಿವಿಗೆ ಬೇರೆಯೇ ಒಂದು ಪುಸ್ತಕ ಇಟ್ಟಿದ್ದೇನೆ. ಮೊದಲ ವರ್ಷವೇ ಕೇಬಲ್ ಎರಡು ಸಲ ಹೋಯಿತು, ಒಂದಕ್ಕೆ 9,400. ತಲೆಗೆ ಅಯಸ್ಕಾಂತದಿಂದ ಅಂಟುವ ಕಾಯಿಲ್ 23,000. 675 ನಂಬರಿನ ಎರಡು ಸೆಲ್ ಒಟ್ಟಿಗೆ ಹಾಕಬೇಕು, ಎರಡೂವರೆ ದಿನಕ್ಕೆ ಮುಗಿಯುತ್ತವೆ. ಆರು ಸೆಲ್ಲಿನ ಕಾರ್ಡಿಗೆ 330 ರೂಪಾಯಿ, ಅಂದರೆ ವರ್ಷಕ್ಕೆ ಹದಿನಾರು ಸಾವಿರದ ಹತ್ತಿರ. ಚಾರ್ಜ್ ಮಾಡುವ ಬ್ಯಾಟರಿ ತಂದೆ. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಮಧ್ಯಾಹ್ನ ಮೂರಕ್ಕೇ ಸಾಯತೊಡಗಿತು, ಎದುರಿಗೆ ಗಿರಾಕಿ ನಿಂತಿರುವಾಗ. ವಾರಂಟಿ ಮುಗಿದ ಹದಿನಾಲ್ಕನೇ ದಿನಕ್ಕೆ ಪ್ರೊಸೆಸರ್‌ನ, ಅಂದರೆ ಕಿವಿಯ ಹಿಂದೆ ಹಾಕುವ ಯಂತ್ರದ, ಮೈಕ್ ಕೆಟ್ಟಿತು. ಹಳೆಯ ಮಾದರಿಯ ಬಿಡಿಭಾಗ ಬರುವುದಿಲ್ಲ, ಹೊಸದನ್ನೇ ಕೊಳ್ಳಿ, 4 ಲಕ್ಷ 60 ಸಾವಿರ ಎಂದರು. ವಿಮೆಯವರು "ಇದು ದೇಹದ ಹೊರಗಿನ ಸಾಧನ" ಎಂದು ಕೈತೊಳೆದುಕೊಂಡರು. ಹೆಂಡತಿಯ ಬಳೆ ಹೋದವು. ನಾನು ನಾಲ್ಕು ತಿಂಗಳು ಕಿವುಡನಾಗಿಯೇ ಗಲ್ಲಾದ ಮೇಲೆ ಕುಳಿತಿದ್ದೆ. ರಾತ್ರಿ ಪ್ರೊಸೆಸರ್ ತೆಗೆದು ಅಕ್ಕಿ ಡಬ್ಬಿಯಲ್ಲಿ ಇಡಿ, ತೇವ ಹೀರುತ್ತದೆ.

ಕೊಳ್ಳೇಗಾಲದ ತಾಯಿ: ಅಣ್ಣ, ಹೊಸಬರನ್ನು ಹೀಗೆ ಹೆದರಿಸಬೇಡಿ. ನನ್ನ ಮಗನಿಗೆ ಎರಡು ವರ್ಷ ನಾಲ್ಕು ತಿಂಗಳಿದ್ದಾಗ ಆಪರೇಷನ್ ಆಯಿತು. ಆಮೇಲೆ ಮೈಸೂರಿನಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ, ಮೂರು ವರ್ಷ. ಗಂಡ ಊರಿನಲ್ಲಿ ಹಸು ನೋಡಿಕೊಂಡು ಒಬ್ಬರೇ ಬೇಯಿಸಿಕೊಂಡು ತಿಂದರು. ಮಾನಸ ಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಮಕ್ಕಳ ಪಕ್ಕದಲ್ಲಿ ತಾಯಂದಿರೂ ಕುಳಿತು ಕಲಿಯಬೇಕು. ಬೆಳಿಗ್ಗೆ ಎದ್ದ ಕೂಡಲೇ, ತುಟಿ ನೋಡದೆ ಕಿವಿಯಿಂದಲೇ ಹಿಡಿಯಲಿ ಎಂದು ಬಾಯಿಗೆ ಕಾಗದ ಅಡ್ಡ ಹಿಡಿದು ಆ, ಈ, ಊ, ಮ್, ಶ್, ಸ್ ಹೇಳುತ್ತಿದ್ದೆ. ಈ ಆರರಲ್ಲಿ ಒಂದಕ್ಕೆ ತಿರುಗದಿದ್ದರೂ ಪ್ರೊಸೆಸರ್ ಪರೀಕ್ಷೆ ಮಾಡಿಸುತ್ತಿದ್ದೆ. "ಸ್"ಗೆ ಹನ್ನೊಂದು ತಿಂಗಳು ತಿರುಗಲೇ ಇಲ್ಲ. ಎಷ್ಟು ಸಲ ಮ್ಯಾಪಿಂಗ್ (ಅವನ ಕಿವಿಗೆ ತಕ್ಕಂತೆ ಯಂತ್ರವನ್ನು ಹೊಂದಿಸುವುದು) ಮಾಡಿಸಿದೆನೋ! ಒಂದು ದಿನ ಒಲೆಯ ಮೇಲೆ ಹಾಲು ಉಕ್ಕಿ "ಸ್ಸ್" ಎಂದಾಗ ಅವನೇ ಬಂದು ಸೆರಗು ಎಳೆದ. ಈಗ ಕನ್ನಡ ಮಾಧ್ಯಮದಲ್ಲಿ ನಾಲ್ಕನೇ ತರಗತಿ, ಮಗ್ಗಿ ಜೋರಾಗಿ ಹೇಳುತ್ತಾನೆ. ದುಡ್ಡು ಮಾತು ಕಲಿಸುವುದಿಲ್ಲ, ದಿನವೂ ಕೂರಿಸಿಕೊಂಡು ಕಲಿಸಿದ್ದೇ ಕಲಿಸಿತು.

ಹುಬ್ಬಳ್ಳಿಯ ಕಿರಾಣಿ ವ್ಯಾಪಾರಿ: ನಿಮ್ಮ ಮಗನಿಗೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಆಗಿರಬೇಕು. ಅದರಲ್ಲಿ ಇಂಪ್ಲಾಂಟ್ ಮಕ್ಕಳಿಗೆ. ನನ್ನಂಥ ವಯಸ್ಕರು ಒಂದೊಂದು ರೂಪಾಯಿಯನ್ನೂ ಕೈಯಿಂದ ಎಣಿಸಬೇಕು. ಲೆಕ್ಕ ಹೇಳಿದರೆ ಹೆದರಿಸಿದಂತಾಯಿತೇ?

ಕೊಳ್ಳೇಗಾಲದ ತಾಯಿ: ಸರ್ಕಾರ ಕೊಟ್ಟದ್ದು ಯಂತ್ರ. ಮೂರು ವರ್ಷದ ಬಾಡಿಗೆ ಕೊಡಲಿಲ್ಲ, ವಾರಂಟಿ ಮುಗಿದ ಮೇಲಿನ ಕೇಬಲ್ ಕೊಡಲಿಲ್ಲ. ಕಳೆದ ವರ್ಷದ ಕಾಯಿಲ್‌ಗೆ ಕರು ಮಾರಿದ್ದೇವೆ. ಬಿಟ್ಟಿ ಸಿಕ್ಕಿತು ಎಂಬ ಧಾಟಿಯಲ್ಲಿ ಮಾತನಾಡಬೇಡಿ.

ಧಾರವಾಡದ ನಿವೃತ್ತ ಗುಮಾಸ್ತ: ನನ್ನ ನೋವು ಬೇರೆ. ಆಪರೇಷನ್‌ಗೆ ಮುಂಚೆ ನನ್ನ ಎಡಗಿವಿಯಲ್ಲಿ ಕೆಳಸ್ಥಾಯಿಯ ಸದ್ದು ಒಂದಿಷ್ಟು ಉಳಿದಿತ್ತು. ಹಿಯರಿಂಗ್ ಏಡ್ ಏರಿಸಿಕೊಂಡು ತಂಬೂರಿಯ ಖರಜ ಕೇಳುತ್ತಿದ್ದೆ. ಒಳಗೆ ಎಲೆಕ್ಟ್ರೋಡಿನ ತಂತಿ ಹೋದಮೇಲೆ ಆ ಉಳಿದದ್ದೂ ಹೋಯಿತು. ಹೋಗಬಹುದು ಎಂದು ಸಹಿ ಹಾಕಿಸಿಕೊಂಡ ಕಾಗದದಲ್ಲಿ ಬರೆದಿತ್ತಂತೆ, ಆದರೆ ಬಾಯಿ ಬಿಟ್ಟು ಯಾರೂ ಹೇಳಲಿಲ್ಲ. ಕಿವಿಯ ಶಂಖದೊಳಗೆ ಸಾವಿರಾರು ರೋಮಕೋಶಗಳು ಮಾಡುತ್ತಿದ್ದ ಕೆಲಸವನ್ನು ನನ್ನ ಯಂತ್ರದಲ್ಲಿ 22 ಎಲೆಕ್ಟ್ರೋಡ್ ಮಾಡಬೇಕು. ಮಾತಿಗೆ ಅಷ್ಟು ಸಾಕು. ಫೋನಿನಲ್ಲಿ ಮೊಮ್ಮಗಳ ಜೊತೆ ಮಾತನಾಡುತ್ತೇನೆ, ಅದನ್ನು ಇಲ್ಲ ಎನ್ನುವುದಿಲ್ಲ. ಸ್ವರಕ್ಕೆ ಸಾಲದು. ನಲವತ್ತು ವರ್ಷ ಕೇಳಿದ ಮಲ್ಲಿಕಾರ್ಜುನ ಮನಸೂರರ ಧ್ವನಿಮುದ್ರಿಕೆ ಹಾಕಿದೆ. ಮಧ್ಯಮ ಎಲ್ಲಿ ಮುಗಿಯಿತು, ಪಂಚಮ ಎಲ್ಲಿ ಹಿಡಿಯಿತು ಎಂದೇ ತಿಳಿಯಲಿಲ್ಲ. ಯಾರೋ ದೂರದಲ್ಲಿ ಜಗಳವಾಡಿದಂತಿತ್ತು. ಅಂದು ಊಟ ಮಾಡಲಿಲ್ಲ. ತಬಲಾ ಮಾತ್ರ ಪೂರ್ತಿ ಸಿಗುತ್ತದೆ, ತೀನ್‌ತಾಲದ ಸಮ್, ಅಂದರೆ ಆವರ್ತದ ಮೊದಲ ಪೆಟ್ಟು, ಈಗಲೂ ತಪ್ಪುವುದಿಲ್ಲ. ರಾತ್ರಿ ಅದನ್ನೇ ಕೇಳುತ್ತೇನೆ.

ಬೆಂಗಳೂರಿನ ಸಂಜ್ಞಾ ಭಾಷೆಯವನು: ಬಾಯಿಗೆ ಕಾಗದ ಅಡ್ಡ ಹಿಡಿದದ್ದನ್ನು ಹೆಮ್ಮೆಯಿಂದ ಬರೆದಿದ್ದಾರೆ, ಅದಕ್ಕೆ ಉತ್ತರಿಸುತ್ತೇನೆ. ಹುಟ್ಟುಕಿವುಡನಾದ ನನಗೆ ಒಂಬತ್ತನೇ ವಯಸ್ಸಿನಲ್ಲಿ ಇಂಪ್ಲಾಂಟ್ ಮಾಡಿಸಿದರು. ಮಿದುಳು ಸದ್ದನ್ನು ಮಾತಾಗಿ ಕಲಿಯುವ ಕಾಲ ಕಳೆದುಹೋಗಿತ್ತು. ಥೆರಪಿಯಲ್ಲಿ ಕೈ ಆಡಿಸಿದರೆ ಕೈಯನ್ನು ಮೇಜಿನ ಕೆಳಗೆ ಇಡಿಸುತ್ತಿದ್ದರು. ಹತ್ತು ವರ್ಷ ಪ್ರತಿ ಸಂಜೆ ತಲೆನೋವು. ಹತ್ತೊಂಬತ್ತಕ್ಕೆ ತೆಗೆದು ಡ್ರಾಯರ್‌ನಲ್ಲಿ ಇಟ್ಟೆ. ಮೊದಲ ಸಲ ಒಂದು ಇಡೀ ಹರಟೆ ನನಗೆ ಅರ್ಥವಾದದ್ದು ಅದರ ಮುಂದಿನ ವರ್ಷ, ಎಲ್ಲರೂ ಕೈಯಲ್ಲಿ ಮಾತನಾಡುತ್ತಿದ್ದ ಕೋಣೆಯಲ್ಲಿ.

ಕೊಳ್ಳೇಗಾಲದ ತಾಯಿ: ನಿಮಗೆ ಒಂಬತ್ತಕ್ಕೆ, ನನ್ನ ಮಗನಿಗೆ ಎರಡಕ್ಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ನಾನು ಯಾರ ಕೈಯನ್ನೂ ಕಟ್ಟಿಲ್ಲ.

ಬೆಂಗಳೂರಿನ ಸಂಜ್ಞಾ ಭಾಷೆಯವನು: ಅವನು ಸ್ನಾನಕ್ಕೆ ಹೋಗುವಾಗ, ಮಲಗುವಾಗ ಯಂತ್ರ ತೆಗೆಯುತ್ತಾನಲ್ಲ, ಆಗ ಅವನ ಜೊತೆ ಹೇಗೆ ಮಾತನಾಡುತ್ತೀರಿ? ಅದಕ್ಕಾದರೂ ಸಂಜ್ಞೆ ಕಲಿಸಿ. ಅಷ್ಟನ್ನೇ ಕೇಳುತ್ತಿದ್ದೇನೆ.

ಹೊನ್ನಾವರದ ನರ್ಸ್: ಇಬ್ಬರೂ ಸ್ವಲ್ಪ ಸುಮ್ಮನಿರಿ. ಅಕ್ಕಿ ಡಬ್ಬಿ ಎಂದು ಬರೆದವರು ದಯವಿಟ್ಟು ಅದನ್ನು ಹಿಂತೆಗೆದುಕೊಳ್ಳಿ. ಅಕ್ಕಿಯ ಪುಡಿ ಮೈಕಿನ ರಂಧ್ರಕ್ಕೆ ಸೇರುತ್ತದೆ. ನಾನೂ ಇಂಪ್ಲಾಂಟ್ ಹಾಕಿಕೊಂಡವಳೇ. ನಮ್ಮ ಕರಾವಳಿಯಲ್ಲಿ ಜೂನ್ ಬಂತೆಂದರೆ ಗೋಡೆಯೂ ಬೆವರುತ್ತದೆ. ಮೊದಲ ಮಳೆಗಾಲದಲ್ಲೇ ಪ್ರೊಸೆಸರ್‌ನ ಪಿನ್ನಿಗೆ ಹಸಿರು ಕಿಲುಬು ಹತ್ತಿ, ರಿಪೇರಿಗೆಂದು ಬೆಂಗಳೂರಿಗೆ ಎರಡು ಸಲ ರಾತ್ರಿ ಬಸ್, ಎರಡು ದಿನದ ಸಂಬಳ ಕಡಿತ. ಆಗಿನಿಂದ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಹರಳು. ಬಣ್ಣ ಬದಲಾದರೆ ಹರಳನ್ನಷ್ಟೇ ಒಣಗಿಸಿ ಮತ್ತೆ ಬಳಸುತ್ತೇನೆ. ಸೆಲ್ ಮಾತ್ರ ಹೊರಗೆ ತೆಗೆದಿಡಬೇಕು. ಇನ್ನೊಂದು: ಕಾಯಿಲ್‌ನ ಅಯಸ್ಕಾಂತ ಕಬ್ಬಿಣ ಕಂಡರೆ ಬಿಡುವುದಿಲ್ಲ. ಬಸ್ಸಿನ ಕಂಬಕ್ಕೆ ತಲೆ ಒರಗಿಸಿದೆ, ಕಾಯಿಲ್ ಅಲ್ಲೇ ಅಂಟಿಕೊಂಡಿತು. ಕುಮಟೆಯಲ್ಲಿ ಇಳಿಯುವಾಗ ಕಂಡಕ್ಟರ್ ಕೂಗಿ ಕರೆದದ್ದು ನನಗೆ ಕೇಳಿಸಲಿಲ್ಲ, ಪುಣ್ಯಕ್ಕೆ ಅವರೇ ಓಡಿಬಂದು ಕೊಟ್ಟರು.

ದಾವಣಗೆರೆಯ ಶಿಕ್ಷಕಿ: ಎಲ್ಲರಿಗೂ ನಮಸ್ಕಾರ. ಹಿಯರಿಂಗ್ ಏಡ್ ವಿಷಯ ಯಾರೂ ಹೇಳಲಿಲ್ಲ.

ಕೊಳ್ಳೇಗಾಲದ ತಾಯಿ: ದಿನಕ್ಕೆ ಎರಡು ಗಂಟೆ ಅದನ್ನು ತೆಗೆದು, ಇಂಪ್ಲಾಂಟ್ ಕಿವಿಯೊಂದರಲ್ಲೇ ಅಭ್ಯಾಸ ಮಾಡಿ ಅಕ್ಕ. ಉಳಿದ ಹೊತ್ತು ಎರಡೂ ಇರಲಿ. ಮಗನಿಂದ ಪಾಠ ಗಟ್ಟಿಯಾಗಿ ಓದಿಸಿ, ನೀವು ಪುಸ್ತಕದಲ್ಲಿ ಬೆರಳು ಇಟ್ಟು ಹಿಂಬಾಲಿಸಿ. ಅವನು ಬೇಕೆಂದೇ ಒಂದು ಪದ ಬಿಡಲಿ, ಎಲ್ಲಿ ಬಿಟ್ಟ ಎಂದು ನೀವು ಹಿಡಿಯಬೇಕು.

ಧಾರವಾಡದ ನಿವೃತ್ತ ಗುಮಾಸ್ತ: ಎಡಗಿವಿಯಲ್ಲಿ ಉಳಿದದ್ದನ್ನು ಕಾಪಾಡಿಕೊಳ್ಳಿ ತಾಯಿ. ಅದಕ್ಕೂ ಆಪರೇಷನ್ ಮಾಡಿಸಿ ಎಂದು ಯಾರಾದರೂ ಅವಸರ ಮಾಡಿದರೆ ಆ ಕಾಗದವನ್ನು ಎರಡು ಸಲ ಓದಿ.

ಹುಬ್ಬಳ್ಳಿಯ ಕಿರಾಣಿ ವ್ಯಾಪಾರಿ: ನರ್ಸ್ ಅವರೇ, ಆರು ವರ್ಷದಿಂದ ಅಕ್ಕಿಯಲ್ಲೇ ಇಡುತ್ತಿದ್ದೇನೆ. ನನ್ನ ಕೇಬಲ್ ಮುರಿದದ್ದು ಕನ್ನಡಕದ ಕಡ್ಡಿಗೆ ಸಿಕ್ಕಿ, ತೇವದಿಂದ ಅಲ್ಲ. ಹಿಂತೆಗೆದುಕೊಳ್ಳುವುದಿಲ್ಲ.

ಹೊನ್ನಾವರದ ನರ್ಸ್: ಕೇಬಲ್ ಬಿಡಿ. ಮೈಕ್ ಕೆಟ್ಟಿತು ಎಂದು ನೀವೇ ಬರೆದಿದ್ದೀರಿ.